ಛಾಯಾಚಿತ್ರ ಸಂಸ್ಕರಣ ತಂತ್ರಾಂಶ

ಕ್ಯಾಮೆರಾ ಹಿಡಿದ ಚಿತ್ರದ ಬೆಳಕು, ಬಣ್ಣ, ಸ್ಪಷ್ಟತೆಗಳನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹದಗೊಳಿಸುವ ಸಾಧನ. ಇದರ ಬೆಳವಣಿಗೆಯನ್ನು ಒರೆಗೆ ಹಚ್ಚಿ ನೋಡಲು ಕರ್ನಾಟಕದಲ್ಲಿ ಸ್ಕಂದಗಿರಿಯಂಥ ಜಾಗ ಅಪರೂಪ. ಚಿಕ್ಕಬಳ್ಳಾಪುರದ ಬಳಿ ಸುಮಾರು 1,450 ಮೀಟರ್ ಎತ್ತರಕ್ಕೆ ನಿಂತಿರುವ ಈ ಬೆಟ್ಟಕ್ಕೆ ಕಳವಾರ ದುರ್ಗ ಎಂಬ ಹೆಸರೂ ಇದೆ. ಪಾಪಾಗ್ನಿ ಮಠದ ಕಡೆಯಿಂದ ನಸುಕಿನಲ್ಲೇ ಹತ್ತುವವರು ಪಾಳು ಕೋಟೆಯ ಬಳಿ ಕಾದು, ಕೆಳಗೆ ಹರಡಿದ ಮೋಡದ ಮೇಲೆ ಸೂರ್ಯ ಮೂಡುವುದನ್ನು ತೆಗೆಯುತ್ತಾರೆ. ಆ ಹೊತ್ತಿಗೆ ಆಕಾಶದಲ್ಲಿ ಕಣ್ಣು ಕುಕ್ಕುವ ಬೆಳಕು, ಕಾಲಡಿಯ ಬಂಡೆ ಕಪ್ಪು, ನಡುವೆ ಮಂಜು. ತಂತ್ರಾಂಶಕ್ಕೆ ಬಂದ ಹೊಸ ಸೌಲಭ್ಯಗಳಲ್ಲಿ ಹಲವು ಈ ಮೂರನ್ನು ಪಳಗಿಸುವ ಪ್ರಯತ್ನಗಳೇ.

ಕಷ್ಟ ಹಳೆಯದು. ಹತ್ತೊಂಬತ್ತನೇ ಶತಮಾನದ ಗಾಜಿನ ಪ್ಲೇಟುಗಳು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರೀ ಬಿಳಿಯಾಗಿ ಬೀಳುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೆ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರವಾಗಿ ಮುದ್ರಿಸಿದ. ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೋ ಆರಂಭವಾದದ್ದು 1910ರಲ್ಲಿ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮುಖದ ಕಲೆ ಮರೆಸುವುದು, ಕಪ್ಪು ಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ಹಚ್ಚುವುದು ಆ ಕಾಲದ ಸ್ಟುಡಿಯೋಗಳ ನಿತ್ಯದ ಕಸುಬು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಪೀಳಿಗೆ ಬೆಳೆದದ್ದು ಕತ್ತಲೆಕೋಣೆಯ ಶಿಸ್ತಿನಲ್ಲಿ. ಎನ್‌ಲಾರ್ಜರ್ ಕೆಳಗೆ ಅಂಗೈ ಅಡ್ಡ ಹಿಡಿದು ಬೇಕಾದ ಭಾಗವನ್ನಷ್ಟೇ ಕಪ್ಪಾಗಿಸುತ್ತಿದ್ದ ಆ ವಿದ್ಯೆಯ ಗುರುತಾಗಿ ಫೋಟೋಶಾಪಿನ 'ಬರ್ನ್' ಉಪಕರಣಕ್ಕೆ ಇಂದಿಗೂ ಕೈಯ ಚಿತ್ರವಿದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ನೋಲ್ 1987ರಲ್ಲಿ ಬರೆಯತೊಡಗಿದ 'ಡಿಸ್‌ಪ್ಲೇ' ಎಂಬ ಕಾರ್ಯಕ್ರಮವೇ, ಸಹೋದರ ಜಾನ್ ನೋಲ್ ಜೊತೆಗೂಡಿದ ಮೇಲೆ ಫೋಟೋಶಾಪ್ ಆಯಿತು. ಅಡೋಬಿ ಅದನ್ನು 1990ರ ಫೆಬ್ರವರಿಯಲ್ಲಿ ಮ್ಯಾಕಿಂಟಾಷ್‌ಗೆ ಬಿಡುಗಡೆ ಮಾಡಿತು. ಪದರಗಳು, ಅಂದರೆ ಲೇಯರ್‌ಗಳು, 1994ರಲ್ಲಿ ಬಂದವು. ಕಲೆ ಅಳಿಸುವ ಹೀಲಿಂಗ್ ಬ್ರಷ್ 2002ರಲ್ಲಿ. ಉಚಿತವಾಗಿ ಸಿಗುವ ಗಿಂಪ್ 1996ರಿಂದಲೇ ಇದೆ. ನಮ್ಮೂರುಗಳ ಸ್ಟುಡಿಯೋಗಳಿಗೆ ಬೇರೊಂದು ತೊಡಕಿತ್ತು: ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದು ಹೋಗುತ್ತಿದ್ದುದರಿಂದ, ಮದುವೆ ಆಲ್ಬಮ್ಮಿನ ಹೆಸರುಗಳಿಗೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳನ್ನೇ ನೆಚ್ಚಬೇಕಿತ್ತು.

ಬೆಟ್ಟದ ಛಾಯಾಗ್ರಾಹಕರಿಗೆ ನಿಜವಾದ ತಿರುವು ಕ್ಯಾಮೆರಾ ರಾ, ಅಂದರೆ ಸಂವೇದಕ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಕಡತ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಿದ್ದರೆ, 14 ಬಿಟ್ ರಾ ಕಡತದಲ್ಲಿ 16,384. ಅದನ್ನು ತೆರೆದು ತಿದ್ದುವ ಸೌಲಭ್ಯ ಫೋಟೋಶಾಪಿಗೆ 2003ರಲ್ಲಿ ಬಂತು; ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಗಳನ್ನಷ್ಟೇ ನೆನಪಿಡುವ ಲೈಟ್‌ರೂಮ್ 2007ರಲ್ಲಿ. ಕತ್ತಲಲ್ಲಿ ಮುಳುಗಿದಂತಿದ್ದ ಕೋಟೆಗೋಡೆಯ ಕಲ್ಲುಗಳು ನೆರಳಿನಿಂದ ಈಚೆ ಬರತೊಡಗಿದ್ದು ಹೀಗೆ. ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ತೆಗೆದ ಹಲವು ಚಿತ್ರಗಳನ್ನು ಬೆರೆಸುವ ಎಚ್‌ಡಿಆರ್ ಸೌಲಭ್ಯ 2005ರಲ್ಲೇ ಫೋಟೋಶಾಪಿಗೆ ಸೇರಿತ್ತು. ಆದರೆ ಮೋಡ ನಿಂತಲ್ಲಿ ನಿಲ್ಲುವುದಿಲ್ಲವಾಗಿ, ಬೆರೆಸಿದಾಗ ಅದರ ಅಂಚು ಎರಡೆರಡಾಗಿ ಕಾಣುವುದುಂಟು.

ಮಂಜು ತೆಗೆಯುವ ಡಿಹೇಜ್ ಅಡೋಬಿಯ ತಂತ್ರಾಂಶಗಳಿಗೆ 2015ರಲ್ಲಿ ಬಂತು. ಇಂಥ ಸಾಧನಗಳ ಹಿಂದಿನ ಪ್ರಸಿದ್ಧ ಸಂಶೋಧನೆ ಕೈಮಿಂಗ್ ಹೆ ಮತ್ತು ಸಂಗಡಿಗರ 2009ರ ಪ್ರಬಂಧ. ಅವರ ತರ್ಕ ಸರಳ: ಮಬ್ಬಿಲ್ಲದ ಹೊರಾಂಗಣ ಚಿತ್ರದಲ್ಲಿ ಆಕಾಶವನ್ನು ಬಿಟ್ಟರೆ, ಹೆಚ್ಚಿನ ಸಣ್ಣ ಭಾಗಗಳಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದಾದರೂ ಬಹಳ ಕಡಿಮೆ ಇರುವ ಬಿಂದುಗಳು ಸಿಗುತ್ತವೆ, ಅದೂ ಏರಿದ್ದರೆ, ಏರಿದಷ್ಟು ಮಬ್ಬು ಎಂದು ಲೆಕ್ಕ. ಬಿಳಿಯ ವಸ್ತುವಿನೆದುರು ಈ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿ ಮೂರೂ ಬಣ್ಣ ಸಹಜವಾಗಿಯೇ ಹೆಚ್ಚು. ಸ್ಕಂದಗಿರಿಯಲ್ಲಿ ಚಿತ್ರದ ಜೀವವೇ ಬಿಳಿ ಮೋಡ. ದೂರದ ನಂದಿಬೆಟ್ಟವನ್ನು ಸ್ಪಷ್ಟಗೊಳಿಸಲು ಡಿಹೇಜನ್ನು ಚಿತ್ರಕ್ಕೆಲ್ಲ ಎಳೆದರೆ ಮೋಡ ಬೂದಿಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಹಾಗಾಗಿ 2021ರಲ್ಲಿ ಲೈಟ್‌ರೂಮಿಗೆ ಬಂದ, ಆಕಾಶವನ್ನು ತಾನಾಗಿ ಗುರುತಿಸಿ ಬೇಕಾದ ಭಾಗವನ್ನಷ್ಟೇ ತಿದ್ದಲು ಬಿಡುವ ಮಾಸ್ಕಿಂಗ್ ಹೆಚ್ಚು ಉಪಕಾರಿ. ನಸುಕಿನ ಮಂದ ಬೆಳಕಿಗೆ ಐಎಸ್‌ಒ ಏರಿಸಿ ತೆಗೆದ ಚಿತ್ರಗಳ ಕಾಳುಕಾಳನ್ನು ನಯಗೊಳಿಸುವ ಲೈಟ್‌ರೂಮಿನ ಡಿನಾಯ್ಸ್ 2023ರದು.

ಫೋಟೋಶಾಪಿಗೆ ಆಕಾಶವನ್ನೇ ಬದಲಿಸುವ ಸೌಲಭ್ಯ 2020ರ ಅಕ್ಟೋಬರಿನಲ್ಲಿ, ಬರೆದು ಕೇಳಿದ್ದನ್ನು ಹುಟ್ಟಿಸಿ ಸೇರಿಸುವ ಜನರೇಟಿವ್ ಫಿಲ್ 2023ರ ಮೇ ತಿಂಗಳಲ್ಲಿ ಪ್ರಾಯೋಗಿಕವಾಗಿ ಬಂದವು. ಇಲ್ಲಿ ಗೆರೆ ಎಳೆಯಲೇಬೇಕು. ಲೆ ಗ್ರೆಯ ಪ್ಲೇಟು ಕಂಡದ್ದನ್ನು ಹಿಡಿಯಲಾರದೆ ಸೋತಿತ್ತು. ಇಂದಿನ ಕ್ಯಾಮೆರಾಗೆ ಆ ಸೋಲಿಲ್ಲ. ಮೋಡವಿಲ್ಲದ ಬೆಳಗಿಗೆ ಮೋಡ ತುಂಬಿ 'ಸ್ಕಂದಗಿರಿ' ಎಂದು ಹೆಸರಿಟ್ಟರೆ, ಅದನ್ನು ನಂಬಿ ರಾತ್ರಿಯೆಲ್ಲ ಪ್ರಯಾಣ ಮಾಡುವವರಿಗೆ ಮಾಡಿದ ಮೋಸ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ ಚಿತ್ರಕ್ಕೆ ಏನನ್ನೂ ಸೇರಿಸುವುದನ್ನು, ಬದಲಿಸುವುದನ್ನು ನಿಷೇಧಿಸುತ್ತದೆ. ಕತ್ತರಿಸಿ ಚೌಕಟ್ಟು ಸರಿಪಡಿಸುವುದಕ್ಕೆ, ಧೂಳಿನ ಕಲೆ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಸ್ಪರ್ಧೆಗಳಲ್ಲಿ ಸಂಶಯ ಬಂದರೆ ತೀರ್ಪುಗಾರರು ಮೂಲ ರಾ ಕಡತ ಕೇಳಬಹುದು. ಚಿತ್ರಕ್ಕೆ ಏನೇನು ಮಾಡಲಾಗಿದೆ ಎಂಬ ದಾಖಲೆಯನ್ನು ಕಡತದೊಳಗೇ ಇಡುವ ಸಿ2ಪಿಎ ಮಾನದಂಡದ ಕೆಲಸ 2021ರಿಂದ ನಡೆದಿದ್ದು, ಕೆಲವು ಕ್ಯಾಮೆರಾಗಳೂ ಅದನ್ನು ಅಳವಡಿಸಿಕೊಂಡಿವೆ.