ಹರಳಯ್ಯನ ಊರಲ್ಲಿ ಯೇಸುವಿನ ಮಕ್ಕಳು

2021ರ ಏಪ್ರಿಲ್ ತಿಂಗಳು. ಬಸವಕಲ್ಯಾಣದಲ್ಲಿ ಉಪಚುನಾವಣೆ. ಬೀದರ್ ಕಡೆಯ ಬಿಸಿಲು ಗೊತ್ತಲ್ಲ, ಬೆಳಗ್ಗೆ ಹತ್ತಕ್ಕೇ ಮೈಕ್ ಹಿಡಿದ ಕೈ ಸುಡುತ್ತೆ. ಲಿಂಗಾಯತರ ಓಟೆಷ್ಟು, ಮರಾಠರ ಓಟೆಷ್ಟು, ಮುಸ್ಲಿಮರ ಓಟೆಷ್ಟು ಅಂತ ದಿನವಿಡೀ ಲೆಕ್ಕ ಹಾಕ್ತಾ ಇದ್ದೆವು. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾ ಕಡೆ ಬರುವಾಗ ಹೆದ್ದಾರಿ ಬಿಟ್ಟು ಒಂದು ಹಳ್ಳಿಯೊಳಗೆ ಹೋದೆವು. ಕೇರಿಯ ತುದಿಯಲ್ಲಿ ತಗಡು ಹೊದಿಸಿದ ಸಣ್ಣ ಕಟ್ಟಡ, ಮೇಲೊಂದು ಶಿಲುಬೆ. ಪಕ್ಕದ ಮನೆಯ ಗೋಡೆಯಲ್ಲಿ ಯೇಸುವಿನ ಪಟ, ಅದರ ಪಕ್ಕ ಅಂಬೇಡ್ಕರ್. ಕಟ್ಟೆಯ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರನ್ನು ಕೇಳಿದೆ, 'ಸರ್, ನಿಮ್ದು ಯಾವ ಸಮಾಜ?'

ಅವರು ನಕ್ಕರು. 'ಯಾವ ಕಾಗದ ನೋಡ್ಲತ್ತೀರಿ ಅದ್ರ ಮ್ಯಾಲೆ ಅದ ರೀ' ಅಂದರು.

ಮೇಷ್ಟ್ರನ್ನು ಸಾಲಿಗೆ ಸೇರಿಸಿದಾಗ ಅಲ್ಲಿದ್ದ ಹೆಡ್‌ಮಾಸ್ಟರು ರಿಜಿಸ್ಟರ್‌ನಲ್ಲಿ 'ಕ್ರಿಶ್ಚಿಯನ್' ಅಂತ ಬರೆದರಂತೆ. ನಾಲ್ಕು ವರ್ಷದ ಮೇಲೆ ತಮ್ಮನನ್ನು ಸೇರಿಸಿದಾಗ ಬೇರೆ ಹೆಡ್‌ಮಾಸ್ಟರು ಬಂದಿದ್ದರು, ಅವರು 'ಮಾದಿಗ' ಅಂತ ಬರೆದರು. ಒಂದೇ ತಾಯಿಯ ಮಕ್ಕಳು. ಭಾನುವಾರ ಹೋಗೋದು ಒಂದೇ ಚರ್ಚಿಗೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅಣ್ಣ ಬೇರೆ, ತಮ್ಮ ಬೇರೆ. ಆ ಬೈಟ್ ಆವತ್ತು ಪ್ರಸಾರ ಆಗಲಿಲ್ಲ. ಓಟಿನ ಲೆಕ್ಕಕ್ಕೆ ಬರಲ್ಲ ಅಂತ ನಾನೇ ಪಕ್ಕಕ್ಕಿಟ್ಟೆ.

ನಾಲ್ಕು ವರ್ಷ ಕಳೆದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಮೀಕ್ಷೆ ಶುರುವಾಯಿತು. ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆ 'ಕ್ರಿಶ್ಚಿಯನ್' ಸೇರಿಸಿದ ಹೆಸರುಗಳಿವೆ ಅಂತ ದೊಡ್ಡ ಗಲಾಟೆ. ನನ್ನ ಪ್ಯಾನೆಲ್‌ನಲ್ಲೂ ಎರಡು ದಿನ ಅದೇ ಕೂಗಾಟ. ಕ್ರಿಶ್ಚಿಯನ್ ಆದ ಮೇಲೆ ಜಾತಿ ಎಲ್ಲಿಂದ ಬಂತು ಅಂತ ಒಬ್ಬರು. ಜಾತಿ ಹೋಗಿದ್ದು ಯಾವಾಗ ಅಂತ ಇನ್ನೊಬ್ಬರು. ನನಗೆ ಆ ಕಟ್ಟೆಯ ಮೇಷ್ಟ್ರು ನೆನಪಾದರು.

ಕರ್ನಾಟಕದ ಕ್ರೈಸ್ತರು ಅಂದ ಕೂಡಲೇ ನಮ್ಮ ತಲೆ ಸೀದಾ ಮಂಗಳೂರಿಗೆ ಓಡುತ್ತೆ. 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಹೆಂಚು. ಅದೆಲ್ಲ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಕರಾವಳಿಯ ಕಥೆ. ಕಲ್ಯಾಣ ಮತ್ತು ಹುಮನಾಬಾದ್ ಇದ್ದದ್ದು ನಿಜಾಮರ ಹೈದರಾಬಾದ್ ರಾಜ್ಯದಲ್ಲಿ. ಕಲ್ಯಾಣದಲ್ಲಂತೂ ನಿಜಾಮರ ಕೆಳಗೆ ಇನ್ನೊಬ್ಬ ನವಾಬ. ಕಚೇರಿಯ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಇಲ್ಲಿಗೆ ಬಂದವರು ಅಮೆರಿಕದ ಮೆಥಡಿಸ್ಟರು. 19ನೇ ಶತಮಾನದ ಕೊನೆಯ ಹೊತ್ತಿಗೆ ಬೀದರ್ ಅವರ ಒಂದು ಠಾಣೆಯಾಗಿತ್ತು. ಹಾಗಾಗಿ 'ಬ್ರಿಟಿಷರ ಬಂದೂಕಿನ ಹಿಂದೆ ಬೈಬಲ್ ಬಂತು' ಅನ್ನೋ ಮಾತು ಇಲ್ಲಿಗೆ ಪೂರ್ತಿ ಹೊಂದಲ್ಲ. ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಕೂತಿದ್ದ ಅನ್ನೋದನ್ನು ಮರೆಯಬಾರದು, ಅದು ಸರಿ. ಆದರೆ ಆಳುವವನು ಮುಸ್ಲಿಂ, ಊರಿನ ಯಜಮಾನಿಕೆ ಪಾಟೀಲ ಕುಲಕರ್ಣಿಯರದ್ದು, ಬಂದವನು ಅಮೆರಿಕದವನು. ಅವನ ಮಾತು ಕೇಳಿದ್ದು ಊರಾಚೆಯ ಕೇರಿ, ಅದರಲ್ಲೂ ಮಾದಿಗರ ಕೇರಿ.

ಯಾಕೆ ಕೇಳಿತು? ಆ ಕೇರಿಯ ಒಂದು ದಿನ ಹೇಗಿತ್ತು ಅಂತ ಯೋಚನೆ ಮಾಡಿ. ಸತ್ತ ದನ ಹೊರಬೇಕು, ಚರ್ಮ ಸುಲಿಯಬೇಕು, ಊರವರ ಚಪ್ಪಲಿ ಹೊಲಿಯಬೇಕು. ಜಾತ್ರೆಗೂ ಹೆಣಕ್ಕೂ ಹಲಗೆ ಬಡಿಯಬೇಕು. ಅಧಿಕಾರಿ ಬಂದರೆ ಅವನ ಗಂಟು ಮೂಟೆ ಹೊತ್ತು ಮುಂದಿನ ಊರಿಗೆ ಮುಟ್ಟಿಸಬೇಕು. ಅದಕ್ಕೆ ಕೂಲಿ ಇಲ್ಲ, ಅದು ಬೇಗಾರಿ. ಬಾವಿಗೆ ಇಳಿಯುವಂತಿಲ್ಲ, ಗುಡಿ ಹತ್ತುವಂತಿಲ್ಲ. ಇಂಥ ಕೇರಿಗೆ ಒಬ್ಬ ಬೋಧಕ ಬಂದ, ಅವನೂ ಇದೇ ಜನ, ಇದೇ ಮಾತು. ಹಗಲು ಮಕ್ಕಳಿಗೆ ಅಕ್ಷರ, ರಾತ್ರಿ ಅದೇ ಗುಡಿಸಲಲ್ಲಿ ಪ್ರಾರ್ಥನೆ, ಕಂದೀಲಿನ ಬೆಳಕಲ್ಲಿ ಕನ್ನಡದ ಹಾಡು. ಉರ್ದು ಸರ್ಕಾರದ ಸೀಮೆಯಲ್ಲಿ ಕೇರಿಯ ಹುಡುಗ ಕನ್ನಡದ ಪುಸ್ತಕ ಹಿಡಿದು ಗಟ್ಟಿಯಾಗಿ ಓದಿದ ಜಾಗ ಅದು. ನಮ್ಮ ಕನ್ನಡ ಏಕೀಕರಣದ ಭಾಷಣಗಳಲ್ಲಿ ಈ ಗುಡಿಸಲಿನ ಹೆಸರು ನಾನಂತೂ ಕೇಳಿಲ್ಲ.

ಹೆಂಗಸರ ಕಥೆ ಇನ್ನೂ ದೊಡ್ಡದು. ಬೈಬಲ್ ಓದಿ ಹೇಳುವ ಹೆಂಗಸರು ಮನೆಮನೆಗೆ ಹೋಗ್ತಿದ್ದರು. ಮಗುವಿನ ಜ್ವರಕ್ಕೆ ಔಷಧಿ ಹೇಳಿ, ಅಕ್ಷರ ತೋರಿಸಿ ಬರ್ತಿದ್ದರು. ಗಂಡಸರೇ ಸಹಿ ಹಾಕದ ಕಾಲದಲ್ಲಿ ಕೇರಿಯ ಹೆಂಗಸೊಬ್ಬಳು ಓದಿ ಹೇಳುವುದು ಅಂದರೆ ಸಾಮಾನ್ಯ ಮಾತಲ್ಲ. ಹೆಸರುಗಳೂ ಬದಲಾದವು. ದೇವದಾಸ, ಪ್ರೇಮದಾಸ, ಸತ್ಯವತಿ, ಸುಂದರಮ್ಮ. ಕರೆಯುವಾಗ ಊರವರು ಅದನ್ನೂ ಮೊಟಕು ಮಾಡಿದರು ಬಿಡಿ.

'ಅಕ್ಕಿಗಾಗಿ ಮತಾಂತರ ಆದರು' ಅನ್ನೋ ಮಾತು ನನ್ನ ಸ್ಟುಡಿಯೋದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ನಾನೂ ಒಂದೆರಡು ಸಲ ಆ ಪ್ರಶ್ನೆ ಎಸೆದಿದ್ದೇನೆ. ಬರಗಾಲ ಇತ್ತು, ಮಿಷನ್ ಕೈಯಲ್ಲಿ ಕಾಳು ಇತ್ತು, ಹಸಿದವನು ಕೈ ಚಾಚಿದ. ಅದನ್ನು ಮುಚ್ಚಿಡಬೇಕಾಗಿಲ್ಲ. ಇಡೀ ಕೇರಿಗಳೇ ಒಟ್ಟಿಗೆ ಕ್ರೈಸ್ತರಾಗ್ತಿರೋದು ಯಾಕೆ ಅಂತ ಜೆ. ವಾಸ್ಕಮ್ ಪಿಕೆಟ್ ಅನ್ನೋ ಮೆಥಡಿಸ್ಟ್ ದೇಶದ ಹಲವು ಭಾಗಗಳಲ್ಲಿ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ತಂದ. ಜನ ಕೊಟ್ಟ ಉತ್ತರ ಒಂದೇ ಥರ ಇರಲಿಲ್ಲ. ದೇವರಿಗಾಗಿ ಅಂದವರು, ಲಾಭಕ್ಕಾಗಿ ಅಂದವರು, ನಮ್ಮ ಮಂದಿ ಎಲ್ಲ ಹೋದರು ಅಂತ ಹೋದವರು, ಹುಟ್ಟುತ್ತಲೇ ಕ್ರೈಸ್ತರಾದವರು. ಪಿಕೆಟ್ ಸ್ವತಃ ಮಿಷನರಿ, ಅವನ ಲೆಕ್ಕವನ್ನು ಸ್ವಲ್ಪ ಜರಡಿ ಹಿಡಿದೇ ಓದಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಬೇಗಾರಿ ಒಲ್ಲೆ, ಹಲಗೆ ಬಡಿಯಲ್ಲ, ಸತ್ತ ದನ ತಿನ್ನಲ್ಲ ಅಂದವರಿಗೆ ಊರು ಆಯದ ಜೋಳ ನಿಲ್ಲಿಸುತ್ತಿತ್ತು. ಅಕ್ಕಿಗಾಗಿ ಹೋದವನು ಜೋಳ ಯಾಕೆ ಕಳಕೊಂಡ?

ಇದು ನಡೆದ ನೆಲ ಯಾವುದು ನೋಡಿ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಇಬ್ಬರು ಅಪ್ಪಂದಿರೂ ಪ್ರಾಣ ಕೊಟ್ಟ ಊರು. ಹರಳಯ್ಯನ ಗವಿ ಈಗಲೂ ಇದೆ. ಇತ್ತ ಹುಮನಾಬಾದಿನಲ್ಲಿ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ, ಹಿಂದೂ ಮುಸ್ಲಿಮರು ಒಟ್ಟಿಗೆ ಕೈಮುಗಿಯುವ ಜಾಗ. ಇಷ್ಟೆಲ್ಲ ಇದ್ದ ನೆಲದಲ್ಲೇ ಚರ್ಮದ ಕೆಲಸದವನಿಗೆ ಏಳು ಶತಮಾನದ ಮೇಲೆ ಇನ್ನೊಂದು ಬಾಗಿಲು ಬೇಕಾಯಿತು.

ಆ ಬಾಗಿಲ ಒಳಗೆ ಎಲ್ಲಾ ಸರಿಹೋಯಿತಾ? ಇಲ್ಲ. ಮಾದಿಗ ಕ್ರೈಸ್ತರು ಹೊಲೆಯ ಕ್ರೈಸ್ತರ ಮನೆಯಲ್ಲಿ ಹೆಣ್ಣು ತರೋದು ಸುಲಭವಾಗಲಿಲ್ಲ. ಊರವರ ಕಣ್ಣಿಗಂತೂ ಚರ್ಚು ಕಟ್ಟಿದ ಮೇಲೂ ಅದು ಕೇರಿಯೇ. ಹಳೆಯ ಅಭ್ಯಾಸಗಳೂ ಪೂರ್ತಿ ಹೋಗಲಿಲ್ಲ, ಹೋಗಬೇಕು ಅಂತಲೂ ಅಲ್ಲ. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ 1920ರ ದಶಕದಲ್ಲಿ ಮೆಥಡಿಸ್ಟರು ಶುರುಮಾಡಿದ ಕೂಟಕ್ಕೆ ಜನ ಇಟ್ಟ ಹೆಸರೇ ಜಾತ್ರೆ. ಪ್ರತಿ ನವೆಂಬರ್‌ನಲ್ಲಿ ಈಗಲೂ ನಡೆಯುತ್ತೆ.

ಆಮೇಲೆ ಕಾನೂನು ಬಂತು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಸೂಸೈ ಅಂತ ಮದ್ರಾಸಿನ ಒಬ್ಬ ಚಪ್ಪಲಿ ಹೊಲಿಯುವವ. ರಸ್ತೆ ಬದಿಯ ಚಮ್ಮಾರರಿಗೆ ಸರ್ಕಾರ ಉಚಿತ ಗೂಡಂಗಡಿ ಕೊಟ್ಟಿತು, ಕ್ರೈಸ್ತ ಅಂತ ಅವನಿಗೆ ಕೊಡಲಿಲ್ಲ. ಅದೇ ಬೀದಿ, ಅದೇ ಉಳಿ, ಅದೇ ದಾರ. ಸುಪ್ರೀಂ ಕೋರ್ಟಿಗೆ ಹೋದ. ಧರ್ಮ ಬದಲಾದ ಮೇಲೂ ಅಷ್ಟೇ ತೀವ್ರ ಅನ್ಯಾಯ ಉಳಿದಿದೆ ಅನ್ನೋದಕ್ಕೆ ಆಧಾರ ಸಾಲದು ಅಂತ 1985ರಲ್ಲಿ ಕೋರ್ಟ್ ಅರ್ಜಿ ವಜಾ ಮಾಡಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಷರತ್ತು ತೆಗೆಯಿರಿ ಅಂದಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಬಂತು, ಅವಧಿ ಮುಗಿದಾಗ ವಿಸ್ತರಿಸಿದರು.

ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಪ್ರವರ್ಗ 1ರಲ್ಲಿದ್ದಾರೆ. ಅಲ್ಲಿ ಶೇ 4 ಮೀಸಲಾತಿ, ಅದಕ್ಕೆ ಬೇರೆ ಹತ್ತಾರು ಜಾತಿಗಳ ಪೈಪೋಟಿ. ಆ ಕಡೆ ಪರಿಶಿಷ್ಟ ಜಾತಿಗೆ ಶೇ 17. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. ಒಮ್ಮೆ ಯೋಚಿಸಿ, ಅಣ್ಣ ತಮ್ಮ ಇಬ್ಬರಿಗೂ ಒಂದೇ ಬೈಗುಳ ಬಿದ್ದರೆ ಕೇಸು ಹಾಕೋಕೆ ಆಗೋದು ತಮ್ಮನಿಗೆ ಮಾತ್ರ. ಎರಡೂ ಕಡೆ ಲಾಭ ತಿಂತಾರೆ ಅನ್ನುವವರಿಗೆ ಒಂದು ಮಾತು. ಸುಳ್ಳು ಪ್ರಮಾಣಪತ್ರ ತಪ್ಪೇ. ಆದರೆ ನಂಬಿದ ದೇವರ ಹೆಸರನ್ನು ಅಧಿಕಾರಿಯ ಮುಂದೆ ನುಂಗಿಕೊಳ್ಳುವ ಮನುಷ್ಯನಿಗೆ ಅದು ಲಾಭದ ಥರ ಕಾಣೋದು ನನಗೆ ಅನುಮಾನ.

ಪ್ಯಾನೆಲ್ ಗಲಾಟೆ ಮುಗಿದ ರಾತ್ರಿ ಹಳೆಯ ನಂಬರ್ ಹುಡುಕಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅದೇ ನಗು. ಸಮೀಕ್ಷೆಯವರು ಬಂದಿದ್ದರಾ, ಏನು ಬರೆಸಿದಿರಿ ಅಂತ ಕೇಳಿದೆ.

'ನಮ್ಮ ಮನೀಗಿ ಇನ್ನಾ ಬಂದಿಲ್ರಿ. ತಮ್ಮನ ಮನೀಗಿ ನಿನ್ನಿ ಬಂದು ಹೋಗ್ಯಾರ.'

'ಅವರು ಏನು ಬರೆಸಿದರು?'

'ನಾ ಕೇಳಿಲ್ರಿ' ಅಂದರು.