ಗಣಕಜಾಲ ನಿರ್ವಹಣೆಯ ಇತಿಹಾಸಕ್ಕೆ ಮೂಲ ಆಧಾರಗಳು

ಗಣಕಯಂತ್ರಗಳನ್ನು ಒಂದಕ್ಕೊಂದು ಸೇರಿಸಿ ಜಾಲವಾಗಿ ಹೆಣೆದ ವಿದ್ಯೆಯ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆ ಜಾಲವನ್ನು ಹಗಲಿರುಳು ಕಾದು, ಕೆಟ್ಟಾಗ ಸರಿಪಡಿಸುವ ನಿರ್ವಹಣೆಯ ಚರಿತ್ರೆಯಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಈ ವಿದ್ಯೆಯು ೧೯೮೮ರಲ್ಲಿ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯೊಡನೆ ಹುಟ್ಟಿತೆಂಬ ಭಾವನೆಯೂ ಉಂಟು. ಮೂಲ ಆಧಾರಗಳನ್ನು ಕಾಲಾನುಕ್ರಮವಾಗಿ ನೋಡಿದರೆ ಈ ಭಾವನೆ ನಿಲ್ಲಲಾರದು. ಆ ಆಧಾರಗಳು ಯಾವುವು, ಅವುಗಳಿಂದ ಏನು ಸಿದ್ಧವಾಗುತ್ತದೆ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಆಧಾರಗಳಲ್ಲಿ ಮುಖ್ಯವಾದುದು ಆರ್‌ಎಫ್‌ಸಿ, ಅಂದರೆ ‘ಅಭಿಪ್ರಾಯಗಳಿಗಾಗಿ ಕೋರಿಕೆ’ ಎಂಬ ಹೆಸರಿನ ಪತ್ರಮಾಲೆ. ಇದರ ಮೊದಲನೆಯ ಪತ್ರವನ್ನು ಸ್ಟೀವ್ ಕ್ರಾಕರ್ ಎಂಬವರು ೧೯೬೯ನೆಯ ಏಪ್ರಿಲ್ ೭ರಂದು ಬರೆದರು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ವಿಭಾಗವು ಕಟ್ಟಿಸುತ್ತಿದ್ದ ಅರ್ಪಾನೆಟ್ ಜಾಲಕ್ಕೆ ಆಗ ಇನ್ನೂ ಒಂದು ಕೇಂದ್ರವೂ ಸೇರಿರಲಿಲ್ಲ. ಪ್ರಕಟವಾದ ಪತ್ರವನ್ನು ತಿದ್ದದೆ, ಅಭಿಪ್ರಾಯವು ಬದಲಾದರೆ ಹೊಸ ಸಂಖ್ಯೆಯ ಪತ್ರವನ್ನು ಹೊರಡಿಸುವುದು ಈ ಮಾಲೆಯ ದೀರ್ಘಕಾಲದ ಸಂಪ್ರದಾಯ. ಆದುದರಿಂದ ಕೈಬಿಟ್ಟ ಯೋಜನೆಗಳೂ ಹುಸಿಯಾದ ನಿರೀಕ್ಷೆಗಳೂ ಅಳಿಯದೆ ಉಳಿದುಬಂದಿವೆ. ಇತಿಹಾಸಕಾರನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ. ಈ ಮಾಲೆಯನ್ನು ಜಾನ್ ಪೋಸ್ಟೆಲ್ ೧೯೯೮ರಲ್ಲಿ ತೀರಿಕೊಳ್ಳುವವರೆಗೂ ಸಂಪಾದಿಸುತ್ತಿದ್ದರು. ಹಳೆಯ ಪತ್ರಗಳಲ್ಲಿ ಹಲವು ಕಾಗದದಲ್ಲಿ ಮಾತ್ರ ಉಳಿದಿದ್ದುದರಿಂದ, ಸ್ವಯಂಸೇವಕರು ಅವನ್ನು ಮತ್ತೆ ಬೆರಳಚ್ಚು ಮಾಡಿ ಉಳಿಸಬೇಕಾಯಿತು.

ಎರಡನೆಯ ಆಧಾರವು ಜಾಲವನ್ನು ನಡೆಸಿದವರ ಬರವಣಿಗೆ. ಪ್ರತಿಯೊಂದು ಸ್ಥಳದ ಗಣಕವನ್ನು ಜಾಲದ ತಂತಿಗಳಿಗೆ ಸೇರಿಸುವ ಐಎಂಪಿ ಎಂಬ ಮಧ್ಯವರ್ತಿ ಯಂತ್ರಗಳನ್ನು ಮಾಡಿದ್ದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿದ್ದ ಬಿಬಿಎನ್ ಸಂಸ್ಥೆ. ಅದೇ ಸಂಸ್ಥೆಯು ಜಾಲನಿಯಂತ್ರಣ ಕೇಂದ್ರವೊಂದನ್ನು ನಡೆಸುತ್ತಿದ್ದಿತು. ೧೯೭೨ರಲ್ಲಿ ಮೆಕೆಂಜಿ ಮೊದಲಾದ ನಾಲ್ವರು ಈ ಕೇಂದ್ರವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದರು. ಪ್ರತಿಯೊಂದು ಯಂತ್ರವೂ ತನ್ನ ಸ್ಥಿತಿಯನ್ನೂ ತನಗೆ ಸೇರಿದ ತಂತಿಗಳ ಸ್ಥಿತಿಯನ್ನೂ ನಿಯತಕಾಲಕ್ಕೆ ಕೇಂದ್ರಕ್ಕೆ ವರದಿಮಾಡುತ್ತಿದ್ದಿತು. ದೂರದ ಊರಿನ ತಂತಿ ಕೆಟ್ಟಿತೆಂಬುದನ್ನು ಕೇಂದ್ರದವರೇ ದೂರವಾಣಿ ಕಂಪನಿಗೆ ತಿಳಿಸುವುದು ಇದರಿಂದ ಸಾಧ್ಯವಾಯಿತು. ಎಂದಮೇಲೆ ಜಾಲನಿರ್ವಹಣೆಯು ಜಾಲದೊಡನೆಯೇ ಹುಟ್ಟಿತೆಂದು ಹೇಳಬೇಕಲ್ಲದೆ, ಎರಡು ದಶಕಗಳ ಅನಂತರ ಹುಟ್ಟಿತೆಂದು ಹೇಳಲಾಗದು.

ಈ ಎರಡು ಬಗೆಯ ಆಧಾರಗಳೂ ಕೂಡಿಬರುವುದು ೭೮೯ನೆಯ ಪತ್ರದಲ್ಲಿ. ಬಿಬಿಎನ್‌ನ ಎರಿಕ್ ರೋಸೆನ್ ೧೯೮೧ರಲ್ಲಿ ಬರೆದ ಈ ಪತ್ರವು, ೧೯೮೦ನೆಯ ಅಕ್ಟೋಬರ್ ೨೭ರಂದು ಅರ್ಪಾನೆಟ್ ಹಲವು ಗಂಟೆಗಳ ಕಾಲ ನಿರುಪಯುಕ್ತವಾದ ಪ್ರಸಂಗವನ್ನು ವಿವರಿಸುತ್ತದೆ. ಯಂತ್ರಗಳು ತಮ್ಮ ದಾರಿಗಳ ಸುದ್ದಿಯನ್ನು ಪರಸ್ಪರ ಕಳುಹಿಸುವಾಗ ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆಯನ್ನು ಕೊಡುತ್ತಿದ್ದವು. ಈ ಸಂಖ್ಯೆ ೬೩ಕ್ಕೆ ಮುಟ್ಟಿದಮೇಲೆ ಮತ್ತೆ ಸೊನ್ನೆಯಿಂದ ಚಕ್ರಾಕಾರವಾಗಿ ಸುತ್ತುವುದು. ಅಂದು ಯಂತ್ರದೋಷದಿಂದ ಅಂಕೆಗಳು ಕಳಚಿಹೋಗಿ, ಒಂದೇ ಯಂತ್ರದ ಹೆಸರಿನಲ್ಲಿ ೪೪, ೪೦, ೮ ಎಂಬ ಮೂರು ಸಂಖ್ಯೆಗಳ ಸುದ್ದಿಗಳು ಏಕಕಾಲದಲ್ಲಿ ಹರಡಿದವು. ಚಕ್ರಗಣನೆಯಂತೆ ೪೦ಕ್ಕಿಂತ ೪೪ ಹೊಸತು, ೪೪ಕ್ಕಿಂತ ೮ ಹೊಸತು, ೮ಕ್ಕಿಂತ ೪೦ ಹೊಸತು. ಹೀಗಾಗಿ ಪ್ರತಿಯೊಂದು ಯಂತ್ರವೂ ಮೂರನ್ನೂ ಮತ್ತೆ ಮತ್ತೆ ಹೊಸ ಸುದ್ದಿಯೆಂದೇ ಎಣಿಸಿ, ಅವನ್ನು ಹರಡುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ವೆಚ್ಚಮಾಡಿತು. ಆ ಒಂದು ಯಂತ್ರದ ಸುದ್ದಿಯನ್ನು ಲೆಕ್ಕಿಸಬಾರದೆಂಬ ತಿದ್ದುಪಡಿಯನ್ನು ಉಳಿದ ಯಂತ್ರಗಳಿಗೆಲ್ಲ ಹಾಕಿದಮೇಲೆಯೇ ಜಾಲವು ಚೇತರಿಸಿಕೊಂಡಿತು. ಈ ಪತ್ರವಿಲ್ಲದಿದ್ದರೆ ‘ಅಂದು ಜಾಲ ನಿಂತಿತು’ ಎಂಬುದಿಷ್ಟೇ ನಮಗೆ ಉಳಿಯುತ್ತಿದ್ದಿತು. ಏತಕ್ಕೆ ನಿಂತಿತೆಂಬುದು ನಿರ್ವಾಹಕರೊಡನೆಯೇ ಮರೆಯಾಗುತ್ತಿದ್ದಿತು.

ಇನ್ನು ೧೯೮೮ರ ವಿಚಾರ. ಆ ವೇಳೆಗೆ ಜಾಲಗಳ ಜಾಲವೇ ಬೆಳೆದು, ಒಂದೇ ಸಂಸ್ಥೆಯ ಕೇಂದ್ರದಿಂದ ಎಲ್ಲವನ್ನೂ ಕಾಯುವುದು ಅಸಾಧ್ಯವಾಗಿದ್ದಿತು. ಹಲವು ತಯಾರಕರ ಯಂತ್ರಗಳಿಗೆ ಸಮಾನವಾದ ನಿಯಮಾವಳಿ ಬೇಕಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಂಟನ್ ಸರ್ಫ್ ಬರೆದ ೧೦೫೨ನೆಯ ಪತ್ರವು, ಸದ್ಯಕ್ಕೆ ಸರಳವಾದ ಎಸ್‌ಎನ್‌ಎಂಪಿ ಇರಲಿ, ಮುಂದಕ್ಕೆ ಅಂತರರಾಷ್ಟ್ರೀಯ ಮಾನಕಸಂಸ್ಥೆಯ ಸಿಎಂಐಪಿ ಪದ್ಧತಿ ಬರಲಿ ಎಂದು ಸಲಹೆಮಾಡಿತು. ಆಗಸ್ಟ್‌ನಲ್ಲಿ ೧೦೬೭ನೆಯ ಪತ್ರವಾಗಿ ಎಸ್‌ಎನ್‌ಎಂಪಿ ಪ್ರಕಟವಾಯಿತು. ೧೯೮೯ರ ೧೧೦೯ನೆಯ ಪತ್ರವು ಎರಡು ಪದ್ಧತಿಗಳನ್ನೂ ಒಂದೇ ಚೌಕಟ್ಟಿನಲ್ಲಿ ಕಟ್ಟಿಹಾಕುವ ಯತ್ನವನ್ನು ಸಡಿಲಿಸಿತು. ತಾತ್ಕಾಲಿಕವೆಂದು ತಂದದ್ದು ನೆಲೆನಿಂತಿತು. ಶಾಶ್ವತವೆಂದು ನಿರೀಕ್ಷಿಸಿದ್ದು ಅಂತರಜಾಲದಲ್ಲಿ ಬೇರೂರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಪತ್ರವು ಪ್ರಕಟವಾಯಿತೆಂದ ಮಾತ್ರಕ್ಕೆ ಅದರ ನಿಯಮವು ಬಳಕೆಗೆ ಬಂದಿತೆಂದು ತಿಳಿಯಬಾರದು. ಸಿಎಂಐಪಿಯನ್ನು ಅಂತರಜಾಲಕ್ಕೆ ಹೊಂದಿಸುವ ಕ್ರಮವನ್ನು ೧೦೯೫ನೆಯ ಪತ್ರವು ಸವಿಸ್ತಾರವಾಗಿ ಹೇಳುತ್ತದೆಯಾದರೂ ಅದು ಬಳಕೆಯಲ್ಲಿ ಹರಡಲಿಲ್ಲ. ದತ್ತಿಶಾಸನವು ದಾನವನ್ನು ಸಾರುವುದೇ ಹೊರತು, ದಾನದ ಭೂಮಿಯನ್ನು ಮುಂದೆ ಯಾರು ಉತ್ತರೆಂಬುದನ್ನು ಹೇಳದು, ಇದೂ ಹಾಗೆಯೇ. ನಿಯಮಕ್ಕೂ ನಡೆವಳಿಗೂ ಇರುವ ಈ ಅಂತರಕ್ಕೆ ೩೫೩೫ನೆಯ ಪತ್ರವೇ ಸಾಕ್ಷಿ. ೨೦೦೨ರಲ್ಲಿ ನಿರ್ವಾಹಕರೂ ನಿಯಮಕರ್ತರೂ ಸೇರಿ ನಡೆಸಿದ ಸಭೆಯ ವರದಿಯಿದು. ಎಸ್‌ಎನ್‌ಎಂಪಿಯು ಯಂತ್ರಗಳ ಸ್ಥಿತಿಯನ್ನು ನೋಡುವುದಕ್ಕೆ ಬಳಕೆಯಾಗುತ್ತಿದ್ದರೂ, ಅವನ್ನು ಅಣಿಗೊಳಿಸುವ ಕೆಲಸಕ್ಕೆ ಹೆಚ್ಚಾಗಿ ಒದಗಲಿಲ್ಲವೆಂದು ಅಲ್ಲಿ ದಾಖಲಾಯಿತು. ೨೦೦೬ರಲ್ಲಿ ನೆಟ್‌ಕಾನ್ಫ್ ಎಂಬ ಹೊಸ ನಿಯಮಾವಳಿ ಹೊರಟುದಕ್ಕೆ ಹಿನ್ನೆಲೆ ಇದೇ.

ಆದುದರಿಂದ ನಿಯಮಪತ್ರಗಳೊಡನೆ ನಿರ್ವಾಹಕರ ದಿನಚರಿ, ದೋಷಗಳ ದಾಖಲೆ, ಪತ್ರವ್ಯವಹಾರ ಇವುಗಳೂ ಉಳಿದರೆ ಮಾತ್ರ ಚರಿತ್ರೆಯು ಪೂರ್ಣವಾದೀತು. ಅರ್ಪಾನೆಟ್ಟಿನ ಮಾಹಿತಿ ಕೇಂದ್ರವನ್ನು ನಡೆಸಿದ ಎಲಿಜಬೆತ್ ಫೈನ್ಲರ್ ಅಲ್ಲಿಯ ಕಾಗದಪತ್ರಗಳನ್ನು ಕಸಕ್ಕೆ ಬಿಡದೆ ಕಾಪಾಡಿದುದರಿಂದಲೇ ಅವು ಇಂದು ಕ್ಯಾಲಿಫೋರ್ನಿಯದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿವೆ. ನಮ್ಮ ದೇಶದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದು. ಆ ಕಾಲದಲ್ಲಿ ದುಡಿದವರಲ್ಲಿ ಹಲವರು ಈಗ ವೃದ್ಧಾಪ್ಯದಲ್ಲಿದ್ದಾರೆ. ಅವರ ಕೈಬರಹದ ಟಿಪ್ಪಣಿಗಳನ್ನೂ ನೆನಪುಗಳನ್ನೂ ಈಗಲೇ ಸಂಗ್ರಹಿಸದಿದ್ದರೆ, ಯಂತ್ರಗಳು ಏನು ಮಾಡಿದವೆಂಬುದು ಉಳಿದೀತು. ಮನುಷ್ಯರು ಏನು ಮಾಡಿದರೆಂಬುದು ಉಳಿಯಲಾರದು.