ಕಬ್ಬಿಣದ ಪೆಟ್ಟಿಗೆಯೊಳಗೆ ಮನುಷ್ಯ

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟರೆ ಪಣಂಬೂರು ದಾಟುವಷ್ಟರಲ್ಲಿ ಒಂದಾದರೂ ಕಂಟೈನರ್ ಲಾರಿ ನಮ್ಮ ಬಸ್ಸಿಗೆ ಎದುರಾಗಿರುತ್ತದೆ. ಕೆಂಪು, ನೀಲಿ, ಹಸಿರು ಬಣ್ಣದ, ಮೈಯೆಲ್ಲ ನೆರಿಗೆ ಹಿಡಿದ ಉದ್ದನೆಯ ಪೆಟ್ಟಿಗೆ. ಒಳಗಿರುವುದು ಗೋಡಂಬಿಯೋ ಕಾಫಿ ಬೀಜವೋ ನಮಗೆ ತಿಳಿಯದು. ಇಂಥದೇ ಪೆಟ್ಟಿಗೆ ಬೆಂಗಳೂರಿನ ಕಟ್ಟಡ ಕಾಮಗಾರಿಯ ಜಾಗದಲ್ಲಿ ಇಂಜಿನಿಯರರ ಕಚೇರಿಯಾಗಿ, ಸಿಮೆಂಟಿನ ಉಗ್ರಾಣವಾಗಿ ನಿಂತಿರುವುದನ್ನೂ ನಾವು ಕಂಡಿದ್ದೇವೆ. ಗಲ್ಫ್‌ನಲ್ಲಿ ದುಡಿದು ಬಂದವರಿರುವ ಕರಾವಳಿಯ ಮನೆಗಳಿಗೆ ‘ಪೋರ್ಟಾ ಕ್ಯಾಬಿನ್’ ಎಂಬ ಮಾತೂ ಹೊಸದಲ್ಲ.

ಸರಕಿಗಾಗಿ ಹುಟ್ಟಿದ ಪೆಟ್ಟಿಗೆಯೊಳಗೆ ಮನುಷ್ಯ ಹೇಗೆ ಬಂದ? ಅಲ್ಲಿ ಅವನಿಗೆ ಆಸರೆ ಸಿಕ್ಕಿತೇ ಅಥವಾ ಅವನೂ ಒಂದು ಸರಕಾದನೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾವು ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯನ್ನು ತಿರುವಿ ನೋಡಬೇಕಾಗುತ್ತದೆ.

ಸರಕಿಗಾಗಿ ಹುಟ್ಟಿದ್ದು

1956ರ ಎಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು ಹ್ಯೂಸ್ಟನ್‌ಗೆ ಹೊರಟಿತು. ಎರಡನೆಯ ಮಹಾಯುದ್ಧದ ಕಾಲದ ಹಳೆಯ ತೈಲ ಹಡಗು ಅದು. ಅದರ ಅಟ್ಟದ ಮೇಲೆ 58 ಲೋಹದ ಪೆಟ್ಟಿಗೆಗಳಿದ್ದವು. ಈ ಏರ್ಪಾಡಿನ ಹಿಂದಿದ್ದವನು ಉತ್ತರ ಕರೋಲಿನಾದ ಲಾರಿ ಮಾಲಕ ಮಾಲ್ಕಂ ಮೆಕ್ಲೀನ್. ಅಲ್ಲಿಯವರೆಗೆ ಲಾರಿಯಿಂದ ಒಂದೊಂದೇ ಮೂಟೆ ಇಳಿಸಿ, ಹಮಾಲರು ಹೆಗಲ ಮೇಲೆ ಹೊತ್ತು ಹಡಗಿನ ಹೊಟ್ಟೆಗೆ ತುಂಬಬೇಕಿತ್ತು. ಮೂಟೆಯನ್ನು ಇಳಿಸುವ ಬದಲು ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನಲ್ಲಿಟ್ಟರೆ ಆಗದೇ ಎಂದು ಮೆಕ್ಲೀನ್ ಯೋಚಿಸಿದ. ಬಿಡಿ ಸರಕನ್ನು ಹಡಗಿಗೇರಿಸಲು ಟನ್ನಿಗೆ 5.83 ಡಾಲರ್ ತಗಲುತ್ತಿದ್ದ ಆ ಕಾಲದಲ್ಲಿ, ‘ಐಡಿಯಲ್ ಎಕ್ಸ್’ನಲ್ಲಿ ತಗಲಿದ್ದು 16 ಸೆಂಟಿಗಿಂತಲೂ ಕಡಿಮೆ.

ಮೆಕ್ಲೀನನ ಇಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ಪೆಟ್ಟಿಗೆಯ ಎಂಟೂ ಮೂಲೆಗಳಿಗೆ ಗಟ್ಟಿ ಉಕ್ಕಿನ ತುಂಡುಗಳನ್ನು ಕೂರಿಸಿ, ಒಂದರ ಮೇಲೊಂದು ಪೇರಿಸಿ ತಿರುಚಿ ಬಿಗಿಯುವ ವ್ಯವಸ್ಥೆ ಮಾಡಿದ. ಈ ಹಕ್ಕುಸ್ವಾಮ್ಯವನ್ನು ಮುಂದೆ ಎಲ್ಲರ ಬಳಕೆಗೂ ಬಿಟ್ಟುಕೊಟ್ಟದ್ದರಿಂದ ಲೋಕಕ್ಕೆಲ್ಲ ಒಂದೇ ಅಳತೆ ಸಾಧ್ಯವಾಯಿತು. ಇಪ್ಪತ್ತು ಅಥವಾ ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎಂಟೂವರೆ ಅಡಿ ಎತ್ತರ.

ಲಾಭ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಕಂಟೈನರ್ ಹಡಗುಗಳು ಲಂಡನ್ನಿನ ಹಳೆಯ ಹಡಗುಕಟ್ಟೆಗಳಿಗೆ ಬರುವಂತಿರಲಿಲ್ಲ. ಹಮಾಲರ ತಲೆಮಾರುಗಳನ್ನು ಸಾಕಿದ ಆ ಕಟ್ಟೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1981ರಲ್ಲಿ ಕೊನೆಯ ದೊಡ್ಡ ಕಟ್ಟೆಗಳೂ ಮುಚ್ಚಿದವು. ಇಪ್ಪತ್ತು ವರ್ಷಗಳ ನಂತರ, 2001ರಲ್ಲಿ, ಅದೇ ಪೂರ್ವ ಲಂಡನ್ನಿನ ನದಿ ದಂಡೆಯಲ್ಲಿ ಹಳೆಯ ಕಂಟೈನರ್‌ಗಳನ್ನು ಪೇರಿಸಿ ‘ಕಂಟೈನರ್ ಸಿಟಿ’ ಎಂಬ ಕಟ್ಟಡ ಕಟ್ಟಲಾಯಿತು. ಯಾವ ಪೆಟ್ಟಿಗೆ ಆ ದಂಡೆಯ ಕೆಲಸವನ್ನು ಕಿತ್ತುಕೊಂಡಿತೋ ಅದೇ ಪೆಟ್ಟಿಗೆ ಅಲ್ಲಿ ಕಲಾವಿದರ ಕೋಣೆಯಾಗಿ ಮರಳಿ ಬಂತು.

ಸೈನಿಕನ ಬಿಡಾರ

ಪೆಟ್ಟಿಗೆಯೊಳಗೆ ಮನುಷ್ಯ ಹೊಕ್ಕ ಕಥೆ ಲಂಡನ್ನಿಗಿಂತ ಬಹಳ ಹಳೆಯದು, ಯುದ್ಧಭೂಮಿಯದು. ಮೆಕ್ಲೀನನಿಗಿಂತ ಮೊದಲೇ, 1948ರ ಹೊತ್ತಿಗೆ, ಅಮೆರಿಕದ ಸೇನೆ ತನ್ನ ಸಾಮಾನು ಸಾಗಿಸಲು ಸಣ್ಣ ಉಕ್ಕಿನ ಪೆಟ್ಟಿಗೆಯೊಂದನ್ನು ರೂಪಿಸಿತ್ತು. ಅದರ ಉದ್ದ ಎಂಟೂವರೆ ಅಡಿ, ಹೊರುವ ಭಾರ ಸುಮಾರು ನಾಲ್ಕು ಟನ್. ಕೊರಿಯಾ ಯುದ್ಧದ ಕಾಲದಲ್ಲಿ, 1952ರಲ್ಲಿ, ಅದಕ್ಕೆ ‘ಕೊನೆಕ್ಸ್’ ಎಂಬ ಹೆಸರು ಬಂತು. 1967ರ ವೇಳೆಗೆ ಸೇನೆಯ ಬಳಿ ಇಂಥ ಎರಡು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳಿದ್ದವು.

ಈ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಸಮುದ್ರ ದಾಟಿದ್ದು ಒಂದೇ ಒಂದು ಸಲ. ವಿಯೆಟ್ನಾಂ ತಲುಪಿದವು ಮರಳಿ ಬರಲೇ ಇಲ್ಲ. ಗೋದಾಮಿಲ್ಲದ, ಮಳೆ ನಿಲ್ಲದ ಆ ನಾಡಿನಲ್ಲಿ ಒಳಗಿದ್ದ ಸಾಮಾನಿನಷ್ಟೇ ಖಾಲಿ ಪೆಟ್ಟಿಗೆಯೂ ಸೈನಿಕರಿಗೆ ಬೇಕಾಯಿತು. ಅದನ್ನು ಉಗ್ರಾಣ ಮಾಡಿಕೊಂಡರು, ಕಚೇರಿ ಮಾಡಿಕೊಂಡರು. ಗುಂಡು ಹಾರುವಲ್ಲಿ ಸುತ್ತಲೂ ಮೇಲೂ ಮರಳಿನ ಚೀಲ ಪೇರಿಸಿ ಅಡಗುದಾಣ ಮಾಡಿಕೊಂಡರು. ಇಂದು ಅಮೆರಿಕದಲ್ಲಿ ಸುಂಟರಗಾಳಿಗೋ ಯುದ್ಧದ ಭಯಕ್ಕೋ ಹಿತ್ತಲಲ್ಲಿ ಕಂಟೈನರ್ ಹೂಳಬೇಕೆಂದು ಹಂಬಲಿಸುವವರು ತಿಳಿದೋ ತಿಳಿಯದೆಯೋ ಆ ಸೈನಿಕರ ದಾರಿಯಲ್ಲೇ ನಡೆಯುತ್ತಿದ್ದಾರೆ.

ಮಣ್ಣಿನ ಭಾರ

ಹೂಳುವ ಈ ಆಸೆಯಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. ಸರಕು ತುಂಬಿದ ಪೆಟ್ಟಿಗೆಗಳನ್ನು ಹಡಗಿನಲ್ಲಿ ಎಂಟು ಒಂಬತ್ತು ಅಂತಸ್ತು ಪೇರಿಸುವುದನ್ನು ನೋಡಿದವರಿಗೆ, ಇಷ್ಟು ಹೊರುವ ಪೆಟ್ಟಿಗೆಗೆ ನಾಲ್ಕು ಬುಟ್ಟಿ ಮಣ್ಣು ಯಾವ ಲೆಕ್ಕ ಎನಿಸುವುದು ಸಹಜ. ಆದರೆ ಆ ಭಾರವನ್ನೆಲ್ಲ ಹೊರುವುದು ನಾಲ್ಕು ಮೂಲೆಯ ಕಂಬಗಳು ಮಾತ್ರ. ಮಾಡಿನ ತಗಡು ಎರಡು ಮಿಲಿಮೀಟರಿನಷ್ಟು ದಪ್ಪ, ಗೋಡೆಯದೂ ಹೆಚ್ಚು ಕಡಿಮೆ ಅಷ್ಟೇ. ಪೆಟ್ಟಿಗೆಗೆ ಪ್ರಮಾಣಪತ್ರ ಕೊಡುವ ಮೊದಲು ಮಾಡಿನ ಮೇಲಿಟ್ಟು ಪರೀಕ್ಷಿಸುವ ತೂಕ 300 ಕಿಲೋ, ಅಂದರೆ ಮೂರು ನಾಲ್ಕು ಕೆಲಸಗಾರರು ಹತ್ತಿ ನಿಂತಷ್ಟು.

ನಾವೇ ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಅಡಿಯ ಪೆಟ್ಟಿಗೆಯ ಮಾಡು ಸುಮಾರು 15 ಚದರ ಮೀಟರ್. ಅದರ ಮೇಲೆ ಎರಡು ಅಡಿ ಮಣ್ಣು ಎಳೆದರೆ ಒಂಬತ್ತು ಘನ ಮೀಟರ್ ಮಣ್ಣಾಯಿತು, ತೂಕ ಹತ್ತಿರ ಹತ್ತಿರ 15 ಟನ್. ಮಳೆ ಕುಡಿದರೆ ಇನ್ನೂ ಹೆಚ್ಚು. ಪಕ್ಕದ ಗೋಡೆಗಳ ಕಥೆಯೂ ಹೀಗೆಯೇ. ಹಡಗು ಹೊಯ್ದಾಡುವಾಗ ಸರಕು ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆಂದೇ ಗೋಡೆಯನ್ನು ಪರೀಕ್ಷಿಸಿರುತ್ತಾರೆ. ಮಣ್ಣು ಒತ್ತುವುದು ಹೊರಗಿನಿಂದ ಒಳಕ್ಕೆ. ಹೂಳಿದ ಪೆಟ್ಟಿಗೆಯ ಗೋಡೆ ಒಳಕ್ಕೆ ಬಾಗುತ್ತದೆ, ಮಾಡು ಕುಸಿಯುತ್ತದೆ, ಒದ್ದೆ ಮಣ್ಣಿಗೆ ತಾಗಿದ ಉಕ್ಕು ತುಕ್ಕು ಹಿಡಿಯುತ್ತದೆ. ಹೂಳಲೇಬೇಕೆಂದರೆ ಮಣ್ಣನ್ನು ತಡೆಯುವ ಪ್ರತ್ಯೇಕ ಗೋಡೆ, ಭಾರ ಹೊರುವ ಪ್ರತ್ಯೇಕ ಮಾಡು, ನೀರು ಹರಿದು ಹೋಗಲು ಕಾಲುವೆ ಬೇಕು. ಅಷ್ಟು ಕಟ್ಟಿದ ಮೇಲೆ ಒಳಗೆ ಪೆಟ್ಟಿಗೆ ಇದ್ದರೇನು, ಇಲ್ಲದಿದ್ದರೇನು?

ಮಣ್ಣಿನೊಳಗೆ ಕಣಜ ಮಾಡುವ ವಿದ್ಯೆ ನಮ್ಮ ಉತ್ತರ ಕರ್ನಾಟಕದ ರೈತನಿಗೆ ಹೊಸದಲ್ಲ. ಜೋಳ ತುಂಬಿಡುತ್ತಿದ್ದ ‘ಹಗೇವು’ ಎಂಬ ನೆಲಗುಳಿಯನ್ನು ಅಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಬಾಯಿ ಕಿರಿದು, ಹೊಟ್ಟೆ ದುಂಡಗೆ. ದುಂಡಗಿನ ಗೋಡೆಯನ್ನು ಮಣ್ಣು ಎಲ್ಲ ಕಡೆಯಿಂದಲೂ ಒತ್ತಿದಷ್ಟೂ ಅದು ಬಿಗಿಯಾಗುತ್ತದೆ. ಚಪ್ಪಟೆ ಗೋಡೆಯ ಪೆಟ್ಟಿಗೆಗೆ ಆ ಗುಣವಿಲ್ಲ. ಹಗೇವಿನ ಇನ್ನೊಂದು ಪಾಠವನ್ನೂ ಮರೆಯಬಾರದು. ಮುಚ್ಚಿದ ಗುಳಿಯಲ್ಲಿ ಕಾಳು ಉಸಿರಾಡಿ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಆತುರಪಟ್ಟು ಇಳಿದವರು ಮೇಲೆ ಬರಲಿಲ್ಲ.

ಬಜಾರೂ ಬಂದೀಖಾನೆಯೂ

ನೆಲದ ಮೇಲೆ ನಿಂತ ಪೆಟ್ಟಿಗೆಯ ಕಥೆ ಬೇರೆ. ಸರಕು ಒಂದು ದಿಕ್ಕಿನಲ್ಲೇ ಹೆಚ್ಚು ಹರಿಯುವುದರಿಂದ, ಖಾಲಿ ಪೆಟ್ಟಿಗೆಯನ್ನು ಮರಳಿ ಸಾಗಿಸುವುದಕ್ಕಿಂತ ಅಲ್ಲೇ ಮಾರುವುದು ಎಷ್ಟೋ ಸಲ ಅಗ್ಗವಾಗುತ್ತದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೆಲಸ ಕಳೆದುಕೊಂಡ ಮಧ್ಯ ಏಷ್ಯಾದ ಜನ ಇದನ್ನು ಬಹಳ ಚೆನ್ನಾಗಿ ಬಳಸಿಕೊಂಡರು. ಕಿರ್ಗಿಸ್ತಾನದ ರಾಜಧಾನಿ ಬಿಶ್ಕೆಕ್‌ನ ಅಂಚಿನಲ್ಲಿ ಬೆಳೆದ ದೋರ್ದೊಯ್ ಬಜಾರು ಪೂರ್ತಿಯಾಗಿ ಕಂಟೈನರ್‌ಗಳ ಪೇಟೆ. ಕೆಳಗಿನ ಪೆಟ್ಟಿಗೆ ಅಂಗಡಿ, ಅದರ ಮೇಲಿನದು ಗೋದಾಮು. ಚೀನಾದ ಬಟ್ಟೆ, ಚಪ್ಪಲಿಗಳು ಇಲ್ಲಿಂದ ಕಜಕಿಸ್ತಾನಕ್ಕೂ ರಷ್ಯಾಕ್ಕೂ ಹೋಗುತ್ತಿದ್ದವು. ಸಾವಿರಾರು ಕುಟುಂಬಗಳು ಅನ್ನ ಕಂಡದ್ದು ಈ ತಗಡಿನ ಬೀದಿಗಳಲ್ಲಿ. ಯುದ್ಧದಲ್ಲಿ ಕಟ್ಟಡಗಳು ನೆಲಕಚ್ಚಿದ ಕಾಬೂಲಿನಲ್ಲಿಯೂ ದಿನಸಿ ಅಂಗಡಿ, ಗ್ಯಾರೇಜುಗಳು ಕಂಟೈನರ್‌ನೊಳಗೇ ಬಾಗಿಲು ತೆರೆದವು.

ಆದರೆ ಅದೇ ಅಫ್ಘಾನಿಸ್ತಾನದಲ್ಲಿ ಈ ಪೆಟ್ಟಿಗೆಯ ಅತ್ಯಂತ ಕರಾಳ ಪುಟವೂ ಇದೆ. ಕಂಟೈನರ್‌ನ ಬಾಗಿಲು ಒಂದೇ ತುದಿಯಲ್ಲಿ, ಅಗುಳಿ ಹೊರಗಡೆ ಮಾತ್ರ. ಒಳಗಿನಿಂದ ಅದನ್ನು ತೆರೆಯಲಾಗದು. ಮೇಲಂಚಿನ ಪುಟ್ಟ ಕಿಂಡಿಗಳಿಂದ ಜೀವ ಉಳಿಸುವಷ್ಟು ಗಾಳಿ ಬಾರದು. 1997ರಲ್ಲಿ ಮಝಾರೆ ಶರೀಫ್ ಪ್ರದೇಶದಲ್ಲಿ ಸೆರೆಸಿಕ್ಕ ತಾಲಿಬಾನ್ ಹೋರಾಟಗಾರರನ್ನು ಎದುರಾಳಿಗಳು ಕಂಟೈನರ್‌ಗಳಲ್ಲಿ ತುಂಬಿ ಉಸಿರುಗಟ್ಟಿಸಿ ಕೊಂದರು. 1998ರ ಆಗಸ್ಟ್‌ನಲ್ಲಿ ಮಝಾರನ್ನು ಗೆದ್ದ ತಾಲಿಬಾನ್ ತನ್ನ ಸೆರೆಯಾಳುಗಳನ್ನು ಕಂಟೈನರ್ ಲಾರಿಗಳಲ್ಲೇ ಶಿಬರ್‌ಗಾನಿಗೆ ಸಾಗಿಸಿತು, ಆಗಲೂ ಜನ ಉಸಿರುಗಟ್ಟಿ ಸತ್ತರು. 2001ರ ಕೊನೆಯಲ್ಲಿ ಕುಂದುಝ್ ಶರಣಾದಾಗ ಸೆರೆಯಾಳುಗಳನ್ನು ಮತ್ತೆ ಅದೇ ಶಿಬರ್‌ಗಾನಿಗೆ ಮುಚ್ಚಿದ ಕಂಟೈನರ್‌ಗಳಲ್ಲಿ ಒಯ್ಯಲಾಯಿತು. ದಶ್ತೆ ಲೈಲಿ ಎಂಬ ಮರುಭೂಮಿಯಲ್ಲಿ ಸಾಮೂಹಿಕ ಗೋರಿಗಳು ಕಂಡುಬಂದವು. ಸತ್ತವರು ಕೆಲವು ನೂರೋ ಎರಡು ಸಾವಿರವೋ ಎಂಬ ವಾದ ಮುಗಿಯಲೇ ಇಲ್ಲ. ಒಂದು ಪಕ್ಷದ ಕ್ರೌರ್ಯವನ್ನಷ್ಟೇ ನೆನೆಯುವುದು ಚರಿತ್ರೆಗೆ ಮಾಡುವ ಅನ್ಯಾಯ. ಅಲ್ಲಿ ಪೆಟ್ಟಿಗೆಯ ಕೀಲಿ ಕೈಯಿಂದ ಕೈಗೆ ಬದಲಾಯಿತು, ಪೆಟ್ಟಿಗೆ ಬದಲಾಗಲಿಲ್ಲ. ಎರಿಟ್ರಿಯಾದಲ್ಲಿ ನಂಬಿಕೆಗಾಗಿ, ಅಭಿಪ್ರಾಯಕ್ಕಾಗಿ ಬಂಧಿತರಾದವರನ್ನು ಬಿಸಿಲಿಗೆ ಕಾದ ಕಂಟೈನರ್‌ಗಳಲ್ಲಿ ಕೂಡಿಹಾಕಿದ್ದನ್ನು ವಿಶ್ವಸಂಸ್ಥೆಯ ತನಿಖಾ ಆಯೋಗವೂ 2015ರಲ್ಲಿ ದಾಖಲಿಸಿದೆ.

ಕಿಟಕಿ ಕೊರೆದಾಗ

ಪೆಟ್ಟಿಗೆಯನ್ನು ಮನೆಯಾಗಿಸಲು ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಕಂಟೈನರ್‌ಗಳನ್ನು ವಾಸದ ಕಟ್ಟಡವಾಗಿ ಮಾರ್ಪಡಿಸುವ ವಿಧಾನಕ್ಕೆ ಅಮೆರಿಕದ ಫಿಲಿಪ್ ಕ್ಲಾರ್ಕ್ 1987ರಲ್ಲಿ ಅರ್ಜಿ ಹಾಕಿ 1989ರಲ್ಲೇ ಹಕ್ಕುಸ್ವಾಮ್ಯ ಪಡೆದಿದ್ದ. ಆಮ್‌ಸ್ಟರ್‌ಡಾಂನ ಕೀಟ್‌ವೋನೆನ್‌ನಲ್ಲಿ 2005ರ ನಂತರ ಸುಮಾರು ಸಾವಿರ ವಿದ್ಯಾರ್ಥಿಗಳು ಕಂಟೈನರ್ ಕೋಣೆಗಳಲ್ಲಿ ನೆಲೆಸಿದರು. 2011ರ ಸುನಾಮಿಯ ನಂತರ ಜಪಾನಿನ ಒನಗಾವಾದಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ ಕಂಟೈನರ್‌ಗಳನ್ನು ಮೂರು ಅಂತಸ್ತು ಪೇರಿಸಿ ಮನೆ ಕಳೆದುಕೊಂಡವರಿಗೆ ವಸತಿ ಕಟ್ಟಿದರು. ಒಂದು ಬಿಟ್ಟು ಒಂದರಂತೆ ಚದುರಂಗದ ಮನೆಗಳ ಹಾಗೆ ಜೋಡಿಸಿದ್ದರಿಂದ ನಡುವಿನ ತೆರವುಗಳಲ್ಲಿ ಬೆಳಕು, ಗಾಳಿ ಆಡುವ ಕೋಣೆಗಳು ಸಿಕ್ಕವು. ಸಿರಿಯಾದ ನಿರಾಶ್ರಿತರಿಗಾಗಿ ತುರ್ಕಿ 2012ರಲ್ಲಿ ಕಿಲಿಸ್‌ನ ಗಡಿಯಲ್ಲಿ ಕಂಟೈನರ್ ಊರನ್ನೇ ಕಟ್ಟಿತು. 2023ರ ಫೆಬ್ರವರಿ 6ರ ಭೂಕಂಪದ ನಂತರ ತುರ್ಕಿಯ ಲಕ್ಷಾಂತರ ಜನ ಇಂಥ ಊರುಗಳಲ್ಲೇ ಚಳಿಗಾಲಗಳನ್ನು ಕಳೆದರು. ವಿಶ್ವಕಪ್ ಫುಟ್‌ಬಾಲಿನ ಪ್ರೇಕ್ಷಕರಿಗೆಂದು ಕತಾರ್ ಸಿದ್ಧಪಡಿಸಿದ್ದ ಹತ್ತು ಸಾವಿರ ಕ್ಯಾಬಿನ್, ಕ್ಯಾರವಾನ್‌ಗಳನ್ನು ತುರ್ಕಿ, ಸಿರಿಯಾಗಳ ಸಂತ್ರಸ್ತರಿಗೆ ಕಳುಹಿಸುವುದಾಗಿ ಆಗ ಘೋಷಿಸಿತು.

ಗಮನಿಸಬೇಕಾದದ್ದೇನೆಂದರೆ ತುರ್ಕಿಯ ಈ ‘ಕಂಟೈನರ್’ಗಳು ಸಮುದ್ರ ಸುತ್ತಿ ಬಂದ ಸರಕಿನ ಪೆಟ್ಟಿಗೆಗಳಲ್ಲ. ಅದೇ ಆಕಾರದಲ್ಲಿ, ಮನುಷ್ಯರಿಗೆಂದೇ ಕಿಟಕಿ, ಬಾಗಿಲು, ಶೌಚಾಲಯ ಇಟ್ಟು ಮಾಡಿದವು. ಹಳೆಯ ಪೆಟ್ಟಿಗೆಯನ್ನೇ ಬಳಸುವುದಾದರೆ ಕೆಲಸ ಇನ್ನೂ ಹೆಚ್ಚು. ಅದರ ನೆಲದ ಹಲಗೆಗೆ ಹುಳ ಹಿಡಿಯದಂತೆ ವಿಷದ ಔಷಧ ಬಳಿದಿರುತ್ತಾರೆ. ತಗಡು ಬಿಸಿಲಿಗೆ ಕಾಯುತ್ತದೆ, ಚಳಿಗೆ ಒಳಗೆ ಬೆವರುತ್ತದೆ. ಕಿಟಕಿ ಕೊರೆದಲ್ಲೆಲ್ಲ ಗೋಡೆಯ ಬಲ ಕುಗ್ಗುವುದರಿಂದ ಹೊಸ ಚೌಕಟ್ಟು ಬೆಸೆಯಬೇಕು. ಅಗ್ಗದ ಮನೆ ಎಂದು ಹೊರಟವರಿಗೆ ಕೊನೆಗೆ ಅಗ್ಗವಾಗುವುದು ಬರೀ ಹೊರಮೈ ಮಾತ್ರ.

ಕಿಟಕಿಯೊಂದಿದ್ದರೆ ಸಾಕೆಂದೂ ಹೇಳುವಂತಿಲ್ಲ. ಹಂಗೇರಿ ತನ್ನ ಗಡಿಯ ರೋಸ್ಕೆಯಲ್ಲಿ ಆಶ್ರಯ ಕೇಳಿ ಬಂದವರನ್ನು ಮುಳ್ಳುತಂತಿಯೊಳಗಿನ ಕಂಟೈನರ್‌ಗಳಲ್ಲಿ ಇರಿಸಿತ್ತು. ಇದು ವಸತಿಯೇ ಹೊರತು ಬಂಧನವಲ್ಲ ಎಂಬುದು ಸರಕಾರದ ವಾದವಾಗಿತ್ತು. 2020ರ ಮೇ 14ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಬಂಧನವೆಂದೇ ತೀರ್ಪಿತ್ತಿತು, ಬಳಿಕ ಆ ಶಿಬಿರ ಮುಚ್ಚಿತು. ಕಂಟೈನರ್‌ಗೆ ಕಿಟಕಿಯಿತ್ತು, ಆದರೆ ಬೇಲಿಯ ಕೀಲಿ ಬೇರೆಯವರ ಕೈಯಲ್ಲಿತ್ತು.

ಹೀಗಾಗಿ ಯಾವುದೇ ಸರಕಾರ, ಯಾವುದೇ ಗುತ್ತಿಗೆದಾರ ಮನುಷ್ಯರನ್ನು ಪೆಟ್ಟಿಗೆಯಲ್ಲಿ ಇರಿಸುತ್ತೇವೆಂದು ಹೊರಟಾಗ ನಾವು ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ಗಾಳಿ ಎಲ್ಲಿಂದ ಬರುತ್ತದೆ? ಭಾರ ಯಾವುದರ ಮೇಲೆ ಬೀಳುತ್ತದೆ? ಬಾಗಿಲು ಒಳಗಿನಿಂದ ತೆರೆಯುತ್ತದೆಯೇ? ತೆರೆದು ಹೊರಟವನಿಗೆ ಹೋಗಲು ದಾರಿಯಿದೆಯೇ? ಜೋಳದ ಗುಳಿಗೆ ಒಬ್ಬನನ್ನು ಇಳಿಸುವ ಮೊದಲು ನಮ್ಮ ರೈತ ದೀಪ ಇಳಿಬಿಟ್ಟು ನೋಡುತ್ತಿದ್ದ. ಓದು ಬರಹ ಬಲ್ಲವರ ಯೋಜನೆಗಳಲ್ಲಿ ಅಷ್ಟು ಎಚ್ಚರವಾದರೂ ಇರಬೇಡವೇ?